ದೌಲಪ್ಪನ ಟೆಂಪೋದಾಗ ಸೂಗಮ್ಮನ ರೊಟ್ಟಿ

ಮುಂಜಾನಿಂದ ಸೂಗಮ್ಮನ ಕಣ್ಣು ರಸ್ತಾದ ಮ್ಯಾಲೇ ಇತ್ತು. ಕಮಲಾಪುರದಾಗ ಆಕಿ ಮತ್ತ ಆಕಿ ಸಂಘದ ಹೆಂಗಸರು ಕೂಡಿ ಬಡಿದ ಖಡಕ್ ರೊಟ್ಟಿ ಪಡಸಾಲ್ಯಾಗ ತಯಾರಾಗಿದ್ದವು. ಕಲಬುರಗಿಯ ಶರಣಬಸವೇಶ್ವರ ಗುಡಿ ಹತ್ರ ಇರೋ ಹುಡುಗೇರ ಹಾಸ್ಟೆಲಿಗೆ, ಮಧ್ಯಾಹ್ನದ ಊಟದೊಳಗ ಮುಟ್ಟಬೇಕು. ಒಯ್ಯೋ ಆಟೋದ ಮಲ್ಲುಂದು ಪತ್ತೆ ಇಲ್ಲ. ಫೋನ್ ಮಾಡಿದ್ರ, "ಅಕ್ಕಾ, ಇನ್ನೊಬ್ಬರ ಬುಟ್ಟಿ ಇಳಸಾಕ ಕಲಬುರಗಿಗೆ ಬಂದೀನಿ, ಗುಡಿ ಓಣ್ಯಾಗ ಸಿಕ್ಕೊಂಡೀನಿ" ಅಂದ.

ಹಾಸ್ಟೆಲಿನ ಮೃದುಲಾ ಮೇಡಂ ನಿನ್ನೆನೇ ಖಡಾಖಡಿ ಹೇಳಿದ್ರು: "ಇವತ್ತ ರೊಟ್ಟಿ ತಡಾ ಆಗಿ ಹುಡುಗೇರು ಬರೀ ಅನ್ನ ಉಂಡು ಪರೀಕ್ಷಾಕ್ಕ ಹೋದ್ರು. ನಾಳಿನೂ ತಡಾ ಆದ್ರ ಬ್ಯಾರೆಯವರಿಗೆ ಹೇಳ್ತೀನ್ರಿ." ಈ ಗಿರಾಕಿ ಕೈಬಿಟ್ರ ಸಂಘದ ಒಲಿ ಆರಿದಂಗೇ.

ಬಾಜು ಮನಿಯ ಕಿರಾಣಿ ಅಂಗಡಿ ಮಥುರಾಬಾಯಿ ಆಕಿ ಮಾರಿ ನೋಡೇ ಬಂದ್ಲು. "ದೌಲಪ್ಪ ಕಾಕಾರ ಟೆಂಪೋ ಕೆಂಪು ಬಾಳಿಹಣ್ಣು ಹೇರ್ಕೊಂಡು ಕಲಬುರಗಿಗೆ ಹೊಂಟದ. ಅರ್ಧ ಗಾಡಿ ಖಾಲಿ ಅದ. ಅದರಾಗ ಇಡು."

"ಒಲ್ಲೆ ವೈನಿ. ಹೋದ ವರ್ಷ ಹಿಂಗೇ ಒಬ್ಬರ ಗಾಡ್ಯಾಗ ಕೊಟ್ಟಿದ್ದೆ. ಧೋತರದಾಗ ಕಟ್ಟಿದ್ದು ನೋಡಿ, ಅರಿವಿ ಗಂಟು ಅಂತ ತಿಳಿದು ಹಮಾಲ ಅದರ ಮ್ಯಾಲೇ ಕುಂತ. ಕಲಬುರಗಿಗೆ ಮುಟ್ಟಿದ್ದು ರೊಟ್ಟಿ ಅಲ್ಲ, ನುಚ್ಚು."

"ರೊಟ್ಟಿನ ಮೆತ್ತನ್ನ ಗಂಟು ಮಾಡಿದ್ರ ಯಾರಾದ್ರೂ ಕೂಡ್ತಾರ. ಈಗ ಕಾಕಾರ ಟೆಂಪೋದಾಗ ಸಾಮಾನು ಹಾಕೋ ನಾವೆಲ್ಲಾ ಕೂಡಿ ಮಾತಾಡ್ಕೊಂಡೀವಿ. ಗಟ್ಟಿ ಕ್ರೇಟಿನಾಗ ಇಡೋದು, ಹೊರಗ ಹೆಸರು ಬರಿಯೋದು. ತಿನ್ನೋ ಸಾಮಾನಿನ ಜೋಡಿ ಗೊಬ್ಬರ, ಬೆಳಿಗೆ ಹೊಡಿಯೋ ಔಷಧ ಇಡಂಗಿಲ್ಲ. ಕಡೀಕ ಇಳಿಸೋದನ್ನ ಮೊದಲು ಹೇರೋದು. ಬಾಡಿಗಿ ಎಲ್ಲಾರೂ ಹಂಚ್ಕೊಳ್ಳೋದು."

"ಬರೋವಾಗ ಖಾಲಿನೇ ಬರ್ತದಲ್ಲ?"

"ಯಾಕ ಖಾಲಿ? ಕಲಬುರಗಿ ಹತ್ರದ ನಂದೂರಿನ ಬ್ಯಾಳಿ ಮಿಲ್ಲಿನಿಂದ ನಮ್ಮ ಅಂಗಡಿಗೆ ತೊಗರಿಬ್ಯಾಳಿ ಬರ್ತದ. ಸುಮ್ಮನ ಡೀಸೆಲ್ ಸುಟ್ಟು ಹೊಗಿ ಕುಡಿಯೋದ್ಯಾಕ?"

ಸೂಗಮ್ಮಗ ಬ್ಯಾರೆ ಹಾದಿ ಇರಲಿಲ್ಲ. ಮಥುರಾಬಾಯಿ ಕೊಟ್ಟ ಕ್ರೇಟಿನಾಗ ರೊಟ್ಟಿ ಹೊಂದಿಸಿ, ಮ್ಯಾಲ ಅರಿವಿ ಹೊಚ್ಚಿ ಟೆಂಪೋದಾಗ ಇಡಿಸಿದ್ಲು. ಆದ್ರ ಮನಸ್ಸು ಕೇಳಬೇಕಲ್ಲ! ಒಂದು ಕ್ರೇಟು ತೊಡಿ ಮ್ಯಾಲಿಟ್ಕೊಂಡು, ಮುಂದ ದೌಲಪ್ಪನ ಬಾಜು ಕುಂತೇ ಬಿಟ್ಲು. ರಸ್ತಾದಾಗ ತಗ್ಗು ಬಂದಾಗೊಮ್ಮೆ ಅದರ ಮ್ಯಾಲಿನ ಅರಿವಿ ಎರಡೂ ಕೈಲೆ ಒತ್ತಿ ಹಿಡಿಯೋಳು.

"ಸಾವಕಾಶ ನಡಸ್ರಿ ಕಾಕಾ."

"ಪೆಟ್ಟು ಬಿದ್ರ ನನ್ನ ಹಣ್ಣೂ ಕರ್ರಗ ಆಗ್ತಾವ ಯವ್ವಾ" ಅಂದ ದೌಲಪ್ಪ. "ನಿಂದೊಂದೇ ಚಿಂತಿ ಅಂದ್ಕೊಂಡೇನು?"

ಗುಡಿ ಓಣಿ ಬಾಯಿಗೆ ಬಂದ್ರ ಒಳಗ ಕಾಲಿಡಾಕ ಜಾಗ ಇಲ್ಲ. ಆಟೋ ಹಿಂದ ಆಟೋ, ಒಂದೊಂದ್ರಾಗ ಒಂದೊಂದೇ ಬುಟ್ಟಿ. ಇಂಜಿನ್ ಚಾಲೂ ಇಟ್ಟು ಎಲ್ಲಾರೂ ಹಾರ್ನ್ ಹೊಡ್ಯಾಕತ್ತಾರ. ನಡುವ ಮಲ್ಲು ಬೆವರು ಒರಸ್ಕೋತ ನಿಂತಾನ. ನಿನ್ನೆ ತನ್ನ ರೊಟ್ಟಿನೂ ಇಲ್ಲೇ ನಿಂತಿದ್ದವು ಅಂತ ಸೂಗಮ್ಮಗ ಈಗ ತಿಳೀತು. ಗಾಡಿ ಬರ್ಲಿಲ್ಲಂತ ಮನಸ್ಸಿನಾಗ ಮಲ್ಲುಗ ಬೈದಿದ್ದು ಖರೆ. ಆದ್ರ ಒಂದು ಬುಟ್ಟಿಗೆ ಒಂದು ಆಟೋ ಕಳಿಸಿ ಓಣಿ ಕಟ್ಟಿಹಾಕಿದವರೊಳಗ ತಾನೂ ಒಬ್ಬಾಕಿ.

ದೌಲಪ್ಪ ಒಳಗ ಹೋಗ್ಲೇ ಇಲ್ಲ. ದೊಡ್ಡ ರಸ್ತಾದ ಹಣ್ಣಿನ ಅಂಗಡಿ ಮುಂದ ನಿಲ್ಲಿಸಿ ಎಲ್ಲಾರ ಸಾಮಾನು ಇಳಿಸಿದ. ಅಲ್ಲಿಂದ ಒಂದೇ ತಳ್ಳುಗಾಡಿ ಸಂದಿ ಹುಡುಕಿ ಓಣಿ ಒಳಗಿನ ಅಂಗಡಿಗಳ ಹಣ್ಣು, ಹಾಸ್ಟೆಲಿನ ರೊಟ್ಟಿ ಎರಡೂ ಒಯ್ತು. ಹಾಸ್ಟೆಲಿನಾಗ ಇನ್ನೂ ತಾಟು ಹಾಕಿರಲಿಲ್ಲ.

ಮೃದುಲಾ ಮೇಡಂ ಕ್ರೇಟು ಬಿಚ್ಚಿದ್ರು. ಹಿಂದ ಹೇರಿದ್ದವು ಒಂದೂ ಸೀಳಿರಲಿಲ್ಲ. ಕಡೀಕ ಸೂಗಮ್ಮನ ತೊಡಿ ಮ್ಯಾಲಿನ ಕ್ರೇಟು ಬಿಚ್ಚಿದ್ರ, ಮ್ಯಾಲಿನ ರೊಟ್ಟಿ ಎಲ್ಲಾ ಚೂರು ಚೂರು.

"ಇವ್ಯಾಕ ಹಿಂಗಾದವು ಸೂಗಮ್ಮ?"

ಸೂಗಮ್ಮ ತನ್ನ ಕೈ ನೋಡ್ಕೊಂಡ್ಲು. ನಾಚಿಕಿನೂ ಬಂತು, ನಗುನೂ ಬಂತು. "ಮಂದಿ ಕೈಗೆ ಕೊಟ್ಟಿದ್ದು ಉಳದಾವ್ರಿ ಮೇಡಂ. ನಾ ಹಿಡ್ಕೊಂಡಿದ್ದು ಮುರದಾವ."

"ಇವನ್ನ ನಾ ಮೊಸರಿನಾಗ ಹಾಕ್ಕೊಂಡು ತಿಂತೀನಿ. ನಾಳಿನೂ ಇದೇ ಹೊತ್ತಿಗೆ ಕಳಿಸ್ರಿ" ಅಂದ್ರು ಮೇಡಂ.

ಮರುದಿನ ಸೂಗಮ್ಮ ಎಲ್ಲಾ ಕ್ರೇಟೂ ಹಿಂದ ಹೇರಿಸಿ ಮನ್ಯಾಗೇ ಉಳದ್ಲು. ಫೋನ್ ಬರೋತನಕ ಜೀವ ಹೊಯ್ದಾಡ್ತು, ಸುಳ್ಳ್ಯಾಕ ಹೇಳಬೇಕು. ಆದ್ರ ರೊಟ್ಟಿ ಮುಟ್ಟಿದ್ವು.

ಅಕ್ಕಗೋಳ್ರ್ಯಾ, ಅಣ್ಣಗೋಳ್ರ್ಯಾ, ನಿಮ್ಮ ಸಾಮಾನೂ ದಿನಾ ಪ್ಯಾಟಿಗೆ ಹೋಗ್ತಿರಬೇಕು. ನಾಳಿ ಒಂದು ಬುಟ್ಟಿಗೆ ಒಂದು ಗಾಡಿ ಕರಿಯೋ ಮೊದಲು ಬಾಜು ಮನಿ ಬಾಗಿಲು ಬಡೀರಿ. "ನಿಮ್ದೂ ಏನಾರ ಹೋಗೋದದ ಏನ್ರಿ?" ಅಂತ ಕೇಳ್ರಿ. ನೀವು ಮಾಡೋದು ಇಷ್ಟೇ ಅದ.