ನಾಲ್ಕು ನೋಟು, ನಾಲ್ಕು ಬೊಟ್ಟು

ರತ್ನಾವತಿಯ ದೊಡ್ಡ ಮಗಳು ನಿಕಿತಾ ನೈರೋಬಿಯಲ್ಲಿ ತುಂಬು ಬಸುರಿ. ಬಾಣಂತನಕ್ಕೆ ತಾಯಿ ಹೋಗಲೇಬೇಕು. ವಿಮಾನ ಇಳಿದ ಕೂಡಲೇ ಕೌಂಟರಿನಲ್ಲಿ ಐವತ್ತು ಡಾಲರ್ ಕಟ್ಟಿದರೆ ವೀಸಾ ಸಿಗುತ್ತದೆ, ಉಳಿದದ್ದು ಕೈಖರ್ಚಿಗೆ ಇರಲಿ ಎಂದು ಅಳಿಯ ಸಮಿತ್ ಫೋನಿನಲ್ಲಿ ಹೇಳಿದ್ದ. ಅದು 2012ರ ಮಾತು.

ಡಾಲರಿನ ರೇಟು ವಿಚಾರಿಸಲು ತಾಯಿ ಚಿಕ್ಕ ಮಗಳು ಪೂಜಿತಾಳನ್ನು ಮುಂಬಯಿಯ ಡೊಂಬಿವಿಲಿ ಸ್ಟೇಷನ್ನಿನ ಹತ್ತಿರದ, ವಿದೇಶಿ ಹಣ ಮಾರುವ ಅಂಗಡಿಗೆ ಕಳಿಸಿದಳು. ಎಂಟನೆಯ ಕ್ಲಾಸಿಗೇ ಶಾಲೆ ಬಿಟ್ಟ ಪೂಜಿತಾ ಎಲ್ಲಿ ಹೋದರೂ ಗೋಡೆಗೆ ಒತ್ತಿ ನಿಲ್ಲುವವಳು. ಬಾಯಿ ಕಡಿಮೆ, ಕಣ್ಣು ಜಾಸ್ತಿ. ಅಂಗಡಿಯವನು ಒಬ್ಬ ಗಿರಾಕಿಯ ಡಾಲರ್ ನೋಟನ್ನು ದೀಪಕ್ಕೆ ಹಿಡಿದು ನೋಡಿ, ಮೂಲೆಯಲ್ಲಿದ್ದ ಪೆನ್ನಿನ ಗೀಟಿನ ಮೇಲೆ ಉಗುರಿಟ್ಟು, "ಯೇ ನಹೀ ಚಲೇಗಾ. ಬಾಹರ್ ತೋ ಬಿಲ್ಕುಲ್ ನಹೀ," ಗೀಟು ಬಿದ್ದ ನೋಟು ಹೊರದೇಶದಲ್ಲಂತೂ ನಡೆಯುವುದೇ ಇಲ್ಲ ಎಂದು ವಾಪಸು ತಳ್ಳಿದ್ದನ್ನು ಅವಳು ಕಂಡಳು.

"ಐವತ್ತಾರು ರೂಪಾಯಿಯಾ? ಮೇಲಿಂದ ಚಾರ್ಜು ಬೇರೆಯಾ?" ರತ್ನಾವತಿ ಬಾಯಿಬಿಟ್ಟಳು. "ಬೇಡವೇ ಬೇಡ. ಜಯಶೀಲಳ ಗಂಡ ಹಡಗಿನಿಂದ ತಂದದ್ದುಂಟಂತೆ. ಐವತ್ತಮೂರಕ್ಕೆ ಕೊಡ್ತಾಳೆ."

ಮೇಲಿನ ಮಾಳಿಗೆಯ ಜಯಶೀಲ ಅಂದೇ ಸಂಜೆ ಐವತ್ತರ ನಾಲ್ಕು ನೋಟು ತಂದಳು. ಮಡಿಕೆಯೇ ಇಲ್ಲದ ಹೊಸ ನೋಟುಗಳು.

"ಅಕ್ಕಾ, ನಿಮಗೆಂದು ಕೊಟ್ಟದ್ದು. ನನ್ನ ಗಂಡನಿಗೆ ಗೊತ್ತಾದರೆ ನನ್ನನ್ನೇ ಹಡಗಿಗೆ ಹತ್ತಿಸಿಯಾನು!"

ಆ ಮನೆಗೆ ಬಂದ ಯಾವ ದುಡ್ಡೂ ದೇವರ ಮುಂದೆ ಕೂರದೆ ಖರ್ಚಾದದ್ದಿಲ್ಲ. ಗಂಡನ ಸಂಬಳದ ಕವರಿಗೂ ಬೊಟ್ಟು, ನಿಕಿತಾಳ ಮದುವೆಗೆ ಬ್ಯಾಂಕಿನಿಂದ ತಂದ ಕಟ್ಟಿಗೂ ಬೊಟ್ಟು. ಹೊರಡುವ ದಿನ ಬೆಳಿಗ್ಗೆ ರತ್ನಾವತಿ ನೋಟುಗಳನ್ನು ತಟ್ಟೆಯಲ್ಲಿಟ್ಟು, ಅರಿಶಿನ ಕಲಸಿದ ಒದ್ದೆ ಕುಂಕುಮದಲ್ಲಿ ಬೆರಳದ್ದಿದಳು.

"ಅಮ್ಮಾ, ಅದಕ್ಕೆ ಬೇಡ..."

"ದೇವರೆದುರು ನಿಂತು ಎಂತ 'ಬೇಡ' ಹೇಳ್ತೀಯಾ? ಹೊರಡುವ ದಿನ! ಮಾತು ಬರುವುದೇ ಅಪರೂಪ, ಬಂದರೆ ಹೀಗೆ."

ಒಂದು, ಎರಡು, ಮೂರು, ನಾಲ್ಕು. ಪ್ರತಿ ನೋಟಿನ ಮೇಲೂ ಉದ್ದಿನಕಾಳಿನಷ್ಟು ಕೆಂಪು. ಅಂಗಡಿಯಲ್ಲಿ ಕಂಡದ್ದು ಪೂಜಿತಾಳ ನಾಲಿಗೆಯ ತುದಿಗೆ ಬಂದು ಅಲ್ಲೇ ಕೂತಿತು.

ಮಧ್ಯಾಹ್ನ ತಾಯಿ ಸ್ವಲ್ಪ ಅಡ್ಡಾದಾಗ ಅವಳು ಪರ್ಸಿನಿಂದ ಒಂದು ನೋಟು ತೆಗೆದು, ಹತ್ತಿಗೆ ಸಾಬೂನು ಹಚ್ಚಿ ಮೆಲ್ಲಗೆ ಒರೆಸಿದಳು. ಬೊಟ್ಟು ಹೋಗಲಿಲ್ಲ, ಹರಡಿತು. ಸಾಬೂನು ತಾಗಿದ ಅರಿಶಿನವೂ ಕೆಂಪಾಗಿ ನೋಟಿನ ಅರ್ಧ ಮುಖ ರಂಗೇರಿತು. ಫ್ಯಾನಿನ ಕೆಳಗೆ ಹಿಡಿದು ಒಣಗಿಸಿ, ಎಲ್ಲಕ್ಕಿಂತ ಅಡಿಗೆ ಇಟ್ಟಳು. ಉಳಿದ ಮೂರನ್ನು ಮುಟ್ಟುವ ಧೈರ್ಯವಾಗಲಿಲ್ಲ. ಸಂಜೆ ಟ್ಯಾಕ್ಸಿಯಲ್ಲಿ ಕೂತ ತಾಯಿ ಕಿಟಕಿಯಿಂದ ಕೈ ಚಾಚಿ ಅವಳ ಕೆನ್ನೆ ಮುಟ್ಟಿದಾಗಲೂ ಅವಳು "ಜಾಗ್ರತೆ ಅಮ್ಮ" ಎಂದಷ್ಟೇ ಹೇಳಿದಳು.

ಮರುದಿನ ಮಧ್ಯಾಹ್ನ ಮನೆಯ ಫೋನು ಬಡಿದುಕೊಂಡಿತು. ರತ್ನಾವತಿಗೆ ಬಾಯಿಪಾಠವಿದ್ದದ್ದು ಆ ಒಂದೇ ನಂಬರು.

"ಪೂಜೀ, ಈ ವೀಸಾ ಕೌಂಟರಿನವ ನೋಟು ತೆಗೆದುಕೊಳ್ಳುವುದಿಲ್ಲ ಮಾರಾಯ್ತಿ! ಕಲೆ ಉಂಟು ಅಂತ ಎಸೆದುಬಿಟ್ಟ. ಎರಡು ಗಂಟೆ ಆಯ್ತು, ಬದಿಗೆ ನಿಲ್ಲಿಸಿದ್ದಾರೆ. ಸಮಿತ್ ಹೊರಗಿದ್ದಾನೆ, ಒಳಗೆ ಬಿಡುವುದಿಲ್ಲ. ಗಾರ್ಡು ಅವನ ಸುದ್ದಿ ಮಾತ್ರ ತಂದ, ದುಡ್ಡು ತರಲಿಕ್ಕೆ ಒಪ್ಪುವುದಿಲ್ಲ. ನಿಕಿತಾಳಿಗೆ ಬೆಳಿಗ್ಗೆಯೇ ನೋವು ಶುರುವಾಯ್ತಂತೆ."

ಪೂಜಿತಾ ಫೋನಿನ ವೈರನ್ನು ಬೆರಳಿಗೆ ಸುತ್ತಿಕೊಂಡಳು.

"ಒಂದು ನೋಟಂತೂ ಪೂರಾ ಕೆಂಪು. ನಾನು ಅಷ್ಟು ಹಚ್ಚಿದ್ದೆನಾ? ಆ ಜಯಶೀಲ ಎಂಥದ್ದು ಕೊಟ್ಟಳೋ!"

"ಅವರದಲ್ಲಮ್ಮ. ನಾನು ಸಾಬೂನು ಹಾಕಿ ಒರೆಸಿದೆ."

ಆಚೆ ಕಡೆ ಯಾರದೋ ಗುಜರಾತಿ ಮಾತು, ಮಗುವೊಂದರ ಅಳು.

"ಗೊತ್ತಿತ್ತಾ ನಿನಗೆ?"

"ಹ್ಞೂಂ."

ಬೈಗುಳ ಬರುತ್ತದೆಂದು ಪೂಜಿತಾ ಕಾದಳು. ಬರಲಿಲ್ಲ.

"ಇದು ಇಲ್ಲಿಯ ಒಬ್ಬರು ಗುಜರಾತಿ ಹೆಂಗಸಿನ ಫೋನು," ತಾಯಿಯ ದನಿ ಇಳಿದಿತ್ತು. "ಅವರ ಹತ್ತಿರ ಒಳ್ಳೆಯ ನೋಟುಂಟಂತೆ. ನನ್ನ ನಾಲ್ಕೂ ಕೊಟ್ಟರೆ ಐವತ್ತರದ್ದು ಒಂದು ಕೊಡ್ತಾರಂತೆ. ಮತ್ತೆ ಮಗುವಿನ ಕೈಗೆ ಇಡಲಿಕ್ಕೂ ಏನೂ ಉಳಿಯುವುದಿಲ್ಲ. ಎಂತ ಮಾಡ್ಲಿ? ನೀನು ಹೇಳು, ಕೊಡ್ಲಾ?"

ಇಪ್ಪತ್ತು ವರ್ಷದಲ್ಲಿ ಆ ಮನೆಯಲ್ಲಿ ಯಾರೂ ಅವಳನ್ನು ಏನನ್ನೂ ಹೀಗೆ ಕೇಳಿದ್ದಿಲ್ಲ. ಗೋಡೆಗೆ ಒತ್ತಿ ನಿಂತೇ ಅವಳು ಹೇಳಿದಳು. "ಕೊಟ್ಟುಬಿಡಮ್ಮ."

ಫೋನು ಇಡುವಷ್ಟರಲ್ಲಿ ಬಾಗಿಲಲ್ಲಿ ಜಯಶೀಲ ನಿಂತಿದ್ದಳು.

"ಅಮ್ಮ ಅಲ್ಲಿಗೆ ಮುಟ್ಟಿದರಾ? ಅಂಗಡಿಯಲ್ಲಿ ತೆಗೆದುಕೊಂಡಿದ್ದರೆ ಆರುನೂರು ರೂಪಾಯಿ ಹೋಗ್ತಿತ್ತು ನೋಡು. ನನ್ನ ಡಾಲರ್ ಉಪಯೋಗಕ್ಕೆ ಬಂತಾ ಇಲ್ವಾ?"

ಪೂಜಿತಾ ಕೆಂಪು ಹಿಡಿದ ಉಗುರುಗಳನ್ನು ಸೆರಗಿನೊಳಗೆ ಮಡಚಿಕೊಂಡಳು.

"ಬಂತು ಅಕ್ಕಾ," ಎಂದಳು.