ಕ್ವಯಟ್ ಸಂಡೇ ಎಂಬ ಗಲಾಟೆ

ಲಾರಿಯ ಹಿಂಬಾಗಿಲು ಪೂರ್ತಿ ಕೆಳಗಿಳಿಯುವ ಮೊದಲೇ ಭಾನು ಹೊರಗೆ ಹೊರಟುಬಿಟ್ಟಿದ್ದ. ಹಲಗೆಯ ಮೇಲೆ ಗೊರಸು ಬಡಿದ ಸದ್ದಿಗೆ ಗದ್ದೆಯ ಬದುವಿನ ಮೇಲೆ ಕಾಫಿ ಕುಡಿಯುತ್ತ ನಿಂತಿದ್ದವರೆಲ್ಲ ತಿರುಗಿ ನೋಡಿದರು. ಹಗ್ಗ ಹಿಡಿದಿದ್ದ ಗೋಮತಿ ಇಬ್ಬನಿಯ ಹುಲ್ಲಿನ ಮೇಲೆ ಅಷ್ಟು ದೂರ ಜಾರಿಕೊಂಡು ಹೋಗಿ, ಹಿಮ್ಮಡಿ ಊರಿ, ಹೇಗೋ ನಿಂತಳು. ಭಾನು ಕತ್ತೆತ್ತಿ ಇಡೀ ಬಯಲನ್ನು ಒಮ್ಮೆ ನೋಡಿದ. ಬಿಳಿ ಡೇರೆಗಳು, ಗಾಳಿಗೆ ಪಟಪಟ ಎನ್ನುವ ಬಾವುಟಗಳು, ಎಲ್ಲಿ ನೋಡಿದರೂ ಕುದುರೆಗಳು. ಅವನು ಎದೆಯೊಳಗಿನ ಉಸಿರನ್ನೆಲ್ಲ ಸೇರಿಸಿ ಒಂದು ಕೆನೆತ ಕೆನೆದ. ಬಯಲಿನ ಆ ತುದಿಯಿಂದ ಯಾರೋ ಉತ್ತರ ಕೊಟ್ಟರು. ಅಷ್ಟೇ ಸಾಕಾಯಿತು, ಅಲ್ಲಿಂದಾಚೆಗೆ ಅವನ ನಾಲ್ಕು ಕಾಲೂ ಒಟ್ಟಿಗೆ ನೆಲದ ಮೇಲಿದ್ದದ್ದು ಕಡಿಮೆ.

ಗೋಮತಿ ವಿರಾಜಪೇಟೆಯ ಹೈಸ್ಕೂಲಿನಲ್ಲಿ ಗಣಿತದ ಟೀಚರು. ನಲವತ್ತು ದಾಟಿದವಳು. ಕೆಲವು ವರ್ಷಗಳ ಹಿಂದೆ ಕಾಫಿ ಬೆಳೆಗಾರ ಪೊನ್ನಪ್ಪನವರ ಮೊಮ್ಮಗಳಿಗೆ ಪಾಠ ಹೇಳಲು ಅವರ ಎಸ್ಟೇಟಿಗೆ ಹೋಗುತ್ತಿದ್ದಳು. ಪಾಠ ಮುಗಿದ ಮೇಲೆ ಜೀಪು ಬರುವ ತನಕ ಲಾಯದ ಬೇಲಿಗೆ ಒರಗಿ ನಿಲ್ಲುವುದು ಅಭ್ಯಾಸವಾಯಿತು. ಒಂದು ಸಂಜೆ ಪೊನ್ನಪ್ಪ, ಸುಮ್ಮನೆ ನೋಡುವುದೇಕೆ, ಹತ್ತಿ ಎಂದರು. ಹತ್ತಿದಳು. ಅವತ್ತು ಹತ್ತಿದವಳು ಇವತ್ತಿಗೂ ಇಳಿದಿಲ್ಲ ಎಂದು ಗಂಡ ಚಿದಂಬರ ನೆಂಟರ ಮುಂದೆ ಹೇಳುವುದುಂಟು. ಅದರಲ್ಲಿ ತಮಾಷೆ ಎಷ್ಟು, ದೂರು ಎಷ್ಟು ಎಂದು ನೆಂಟರಿಗೆ ತಿಳಿಯುತ್ತಿರಲಿಲ್ಲ.

ಪೊನ್ನಪ್ಪ ಸೇನೆಯ ಕುದುರೆ ದಳದಲ್ಲಿದ್ದು ನಿವೃತ್ತರಾಗಿ ಬಂದವರು. ಭಾನುವನ್ನು ಮೈಸೂರಿನ ರೇಸ್ ಕುದುರೆಗಳ ಲಾಯವೊಂದರಿಂದ ಅವರೇ ತಂದಿದ್ದರು. ಕಾಗದದ ಮೇಲೆ ಅವನ ಹೆಸರು ಕ್ವಯಟ್ ಸಂಡೇ. ಹೆಸರಿಟ್ಟವರು ಯಾವ ಗಳಿಗೆಯಲ್ಲಿ ಇಟ್ಟರೋ, ಅವನಲ್ಲಿ ಶಾಂತವಾದದ್ದು ಆ ಹೆಸರೊಂದೇ. ರೇಸು ಶುರುವಾಗುವ ಮೊದಲೇ ಕುಣಿದು ಕುಣಿದು ದಣಿದುಬಿಡುತ್ತಾನೆಂದು ಲಾಯದವರು ಅವನನ್ನು ಬಿಟ್ಟುಕೊಟ್ಟಿದ್ದರು. ಸಂಡೇ ಎಂಬುದನ್ನು ಭಾನು ಮಾಡಿದವಳು ಗೋಮತಿ. ಇಡೀ ಮಳೆಗಾಲ ಅವಳು ಅವನಿಗೆ ನಡೆಯುವುದನ್ನು, ನಿಲ್ಲುವುದನ್ನು, ಬಿದ್ದ ಮರ ಹಾರುವುದನ್ನು ಕಲಿಸಿದ್ದಳು. ನಿಲ್ಲುವುದು ಮಾತ್ರ ಇನ್ನೂ ಬಂದಿರಲಿಲ್ಲ.

ಹುತ್ತರಿ ಹಬ್ಬ ಮುಗಿದು, ಕೊಯ್ಲಾಗಿ ಗದ್ದೆಗಳು ಒಣಗಿದ ಮೇಲೆ ನಡೆಯುವ ಆ ವರ್ಷದ ಮೊದಲ ಇವೆಂಟಿಂಗ್ ಸ್ಪರ್ಧೆ ಅದು. ಗೋಣಿಕೊಪ್ಪಲಿನಿಂದ ಸ್ವಲ್ಪ ಆಚೆ, ಒಂದು ದೊಡ್ಡ ತೋಟದ ಗದ್ದೆಬಯಲಿನಲ್ಲಿ ಏರ್ಪಾಡಾಗಿತ್ತು. ಒಂದೇ ಕುದುರೆ, ಒಬ್ಬರೇ ಸವಾರರು, ಒಂದೇ ದಿನದಲ್ಲಿ ಮೂರು ಪರೀಕ್ಷೆ. ಮೊದಲು ಡ್ರೆಸಾಜ್, ಅಂದರೆ ಅಂಗಳದೊಳಗೆ ಹೇಳಿದ ಹಾಗೆ ಅಚ್ಚುಕಟ್ಟಾಗಿ ಹೆಜ್ಜೆ ಹಾಕುವುದು. ಆಮೇಲೆ ಬಣ್ಣದ ಕಂಬಗಳನ್ನು ಬೀಳಿಸದೆ ಹಾರುವುದು. ಕೊನೆಗೆ ಕ್ರಾಸ್‌ಕಂಟ್ರಿ: ಗದ್ದೆ, ತೋಟದ ಅಂಚು, ಕೆರೆ ದಾಟಿಕೊಂಡು ಮರದ ದಿಮ್ಮಿ, ಹುಲ್ಲಿನ ಕಂತೆ, ಕಂದಕಗಳ ಮೇಲೆ ಹಾರುತ್ತ ಓಟ. ಗೋಮತಿ ಹೆಸರು ಕೊಟ್ಟದ್ದು ಹೊಸ ಕುದುರೆಗಳ ವರ್ಗದಲ್ಲಿ.

ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರನಾಗಿದ್ದ ಚಿದಂಬರ ಸ್ಪರ್ಧೆ ನೋಡಲು ಬಂದದ್ದು ಇದೇ ಮೊದಲು. ಹೆಲ್ಮೆಟ್ಟಿನ ಪಟ್ಟಿ ಬಿಗಿಯಾಗಿದೆಯೇ ಎಂದು ದಾರಿಯುದ್ದಕ್ಕೂ ಕೇಳುತ್ತಲೇ ಬಂದಿದ್ದ. ಹೆಲ್ಮೆಟ್ಟು ಅವಳ ಮಡಿಲಲ್ಲಿತ್ತು.

ಡ್ರೆಸಾಜ್ ಹೇಗಾಯಿತೆಂದು ಆಮೇಲೆ ಯಾರಾದರೂ ಕೇಳಿದರೆ ಗೋಮತಿಗೆ ನಗುವೇ ಬರುತ್ತಿತ್ತು. ಧ್ವನಿವರ್ಧಕದಲ್ಲಿ "ಮುಂದಿನ ಕುದುರೆ, ಕ್ವಯಟ್ ಸಂಡೇ" ಎಂದದ್ದೇ ತಡ, ಆ ದನಿಗೇ ಬೆಚ್ಚಿ ಅವನು ಅಡ್ಡಡ್ಡ ಓಡಿಕೊಂಡು ಅಂಗಳ ಪ್ರವೇಶಿಸಿದ. ಜನರಲ್ಲಿ ನಗೆ ಎದ್ದಿತು. ಮಧ್ಯದಲ್ಲಿ ನಿಂತು ತೀರ್ಪುಗಾರರಿಗೆ ವಂದಿಸಬೇಕಿತ್ತು. ಅವಳು ಕೈ ಇಳಿಸಿ ತಲೆ ಬಾಗಿಸಿದಳು, ಭಾನು ಬಾಲ ಎತ್ತಿ ಕೆನೆದ. ನಿಧಾನವಾಗಿ ವೃತ್ತ ಸುತ್ತಬೇಕಾದಲ್ಲಿ ಕುಣಿದ. ದೌಡು ಶುರುಮಾಡಬೇಕಾದ ಮೂಲೆಗೆ ಬಂದಾಗ ಹಿಂಗಾಲು ಆಕಾಶಕ್ಕೆ ಒದ್ದ, ಮತ್ತೆ ಒದ್ದ, ಅದು ಬಹಳ ಚೆನ್ನಾಗಿದೆ ಎನ್ನಿಸಿ ಇನ್ನೊಮ್ಮೆ ಒದ್ದ. ಒಂದು ಮುಂಗಾಲು ಅಂಗಳದ ಬಿಳಿ ಹಲಗೆಯಾಚೆಗೂ ಹೋಗಿಬಂತು. ನಾಲ್ಕೂ ಕಾಲು ಹೋಗಿದ್ದರೆ ಅಲ್ಲಿಗೇ ಆಟ ಮುಗಿಯುತ್ತಿತ್ತು. ಗೋಮತಿ ಹಲ್ಲು ಕಚ್ಚಿ ಕೂತಿದ್ದಳು. ಭಯ ಆಗಬೇಕಿತ್ತು, ಆಗಲಿಲ್ಲ. ಕೆಳಗಿದ್ದ ಆ ಬಿಸಿ ಮೈ ಪೂರ್ತಿ ಒಂದೇ ಸಮನೆ ಏನಾದರೂ ಮಾಡೋಣ, ಏನಾದರೂ ಮಾಡೋಣ ಎನ್ನುತ್ತಿತ್ತು. ಅದು ಅವಳಿಗೂ ಹತ್ತಿಕೊಳ್ಳತೊಡಗಿತ್ತು.

ಅಂಕ ಬಂದಾಗ ಅವರ ವರ್ಗದಲ್ಲಿ ಅವರೇ ಕಟ್ಟಕಡೆಯವರು. ಚಿದಂಬರ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿಕೊಟ್ಟು, ಇನ್ನು ಮನೆಗೆ ಹೋಗಬಹುದಲ್ಲ ಎಂದು ಮೆಲ್ಲಗೆ ಕೇಳಿದ. ಪೊನ್ನಪ್ಪ ಕುದುರೆಯ ಕತ್ತು ತಟ್ಟುತ್ತ ಬೇರೆಯೇ ಹೇಳಿದರು.

"ಟೀಚರೇ, ನೀವು ಹಿಡಿದಷ್ಟೂ ಅವ ಜಗಳಕ್ಕೆ ಬರ್ತಾನೆ. ಅವನಿಗೆ ಕೆಲಸ ಬೇಕು, ಅಷ್ಟೆ. ಮುಂದೆ ಒಂದು ಜಂಪ್ ತೋರಿಸಿ, ಆಮೇಲೆ ಬಿಟ್ಟುಬಿಡಿ. ಅವ ನೋಡಿಕೊಳ್ತಾನೆ."

ಹಾಗೇ ಆಯಿತು. ಬಣ್ಣದ ಕಂಬಗಳ ಮುಂದೆ ಬಂದಾಗ ಭಾನುವಿನ ಕಿವಿ ಎರಡೂ ನೆಟ್ಟಗಾದವು. ಮೊಣಕಾಲೆತ್ತರದ ಕಂಬವನ್ನು ಮನೆಯ ಮಾಡು ಹಾರುವ ಹಾಗೆ ಹಾರಿದ. ಗೋಮತಿ ಜೀನಿನಿಂದ ಮೇಲೆದ್ದು ಮತ್ತೆ ಅದೇ ಜಾಗಕ್ಕೆ ಬಂದು ಕೂತದ್ದು ಅವಳ ಅದೃಷ್ಟ. ಎರಡನೆಯದಕ್ಕೆ ಅವಳು ಅವನ ಜೊತೆಗಿದ್ದಳು. ಮೂರನೆಯದಕ್ಕೆ ಇಬ್ಬರೂ ಒಂದೇ ಆಗಿದ್ದರು. ಕೊನೆಯ ತನಕ ಒಂದು ಕಂಬವೂ ಅಲುಗಲಿಲ್ಲ. ಚಪ್ಪಾಳೆಗೆ ಭಾನು ಬೆಚ್ಚಿಬೀಳುವುದರ ಬದಲು ತನಗೇ ಎಂದು ಗೊತ್ತಿದ್ದವನ ಹಾಗೆ ಕತ್ತು ಬಳುಕಿಸಿಕೊಂಡು ಹೊರಬಂದ. ಗೋಮತಿಯ ಕೆನ್ನೆ ಕೆಂಪಾಗಿ ಉರಿಯುತ್ತಿತ್ತು. ಊಟ ಬೇಡವೆಂದಳು. ಹೊಟ್ಟೆಯಲ್ಲಿ ಅನ್ನಕ್ಕೆ ಜಾಗವೇ ಇರಲಿಲ್ಲ.

ಮಧ್ಯಾಹ್ನದ ಬಿಸಿಲಿಗೆ ಕಣದಲ್ಲಿ ಹರವಿದ ಕಾಫಿ ಹಣ್ಣಿನ ಹುಳಿಸಿಹಿ ವಾಸನೆ ಬಯಲಿಗೆಲ್ಲ ಹಬ್ಬಿದಾಗ ಕ್ರಾಸ್‌ಕಂಟ್ರಿ ಶುರುವಾಯಿತು. ಅವಳ ಮುಂದೆ ಹೊರಟವನು ಮಿಲನ್, ಗೋಣಿಕೊಪ್ಪಲಿನಲ್ಲಿ ಕಾಲೇಜು ಓದುವವನು, ಬೂದು ಬಣ್ಣದ ಹೆಣ್ಣು ಕುದುರೆಯ ಮೇಲೆ. ಅವನು ತೋಟದ ತಿರುವಿನಲ್ಲಿ ಮರೆಯಾದ ಸ್ವಲ್ಪ ಹೊತ್ತಿಗೆ ಅವಳ ಸರದಿ. ಹೊರಡುವ ಚೌಕದೊಳಗೆ ಭಾನು ಬುಗುರಿಯಾಗಿದ್ದ. ಎಣಿಕೆ ಮುಗಿಯಿತು. ಗೋಮತಿ ಕೈ ಸಡಿಲಿಸಿದಳು.

ಆಹಾ, ಆ ಹೊರಟ ಕ್ಷಣ! ಗದ್ದೆಯ ಕೂಳೆ ಅವನ ಗೊರಸಿನಡಿ ಚರಚರ ಎಂದಿತು, ಗಾಳಿ ಕಣ್ಣಲ್ಲಿ ನೀರು ತರಿಸಿತು. ಮೊದಲ ದಿಮ್ಮಿ ಬಂದದ್ದೇ ಗೊತ್ತಾಗಲಿಲ್ಲ, ಹಿಂದೆ ಹೋಗಿತ್ತು. ಹುಲ್ಲಿನ ಕಂತೆ, ಬದು, ಬಿದಿರ ಬೇಲಿ. ತೋಟದ ಅಂಚಿನಲ್ಲಿ ಕಾಫಿ ಹಣ್ಣು ಬಿಡಿಸುತ್ತಿದ್ದ ಹೆಂಗಸರು ಬುಟ್ಟಿ ಇಳಿಸಿ ಕೈಬೀಸಿದರು. ಬೆಳಗ್ಗೆ ಬಾವುಟಕ್ಕೂ ಬೆಚ್ಚುತ್ತಿದ್ದವನು ಈಗ ಬಣ್ಣದ ಸೀರೆಗಳ ಕಡೆ ತಿರುಗಿಯೂ ನೋಡಲಿಲ್ಲ. ಅವನ ಕಿವಿಗಳು ಮುಂದಿನದನ್ನು, ಅದರ ಮುಂದಿನದನ್ನು ಹುಡುಕುತ್ತಿದ್ದವು.

ಅಷ್ಟರಲ್ಲಿ ಎದುರಿಗೆ ಒಬ್ಬರು ಕೆಂಪು ಬಾವುಟ ಬೀಸುತ್ತ ದಾರಿಗೆ ಅಡ್ಡ ಬಂದರು.

ನಿಲ್ಲಿಸಬೇಕಿತ್ತು. ಅವಳು ಹಿಂದಕ್ಕೆ ಒರಗಿ, ಲಗಾಮು ಎಳೆದು, ಬಿಟ್ಟು, ಎಳೆದು, ಬಾವುಟದವರ ಮೂಗಿನ ಹತ್ತಿರ ಹೇಗೋ ನಿಲ್ಲಿಸಿದಳು. ಮಿಲನ್ ಕೆರೆಯ ಹತ್ತಿರ ಬಿದ್ದಿದ್ದಾನೆ, ಎದ್ದು ಕೂತಿದ್ದಾನೆ, ಡಾಕ್ಟರು ನೋಡುತ್ತಿದ್ದಾರೆ, ಅವನ ಕುದುರೆಯನ್ನು ಹಿಡಿದು ದಾರಿ ತೆರವಾಗುವ ತನಕ ಕಾಯಬೇಕು ಎಂದು ಅವರು ತಿಳಿಸಿದರು. ಕಾದ ಹೊತ್ತನ್ನು ಅವಳ ಲೆಕ್ಕಕ್ಕೆ ಹಿಡಿಯುವುದಿಲ್ಲವೆಂದೂ ಸಮಾಧಾನ ಹೇಳಿದರು. ಗೋಮತಿಗೆ ಚಿಂತೆ ಹೊತ್ತಿನದಲ್ಲ. ನಿಲ್ಲಲು ಬಾರದ ಕುದುರೆಯನ್ನು ಓಟದ ನಟ್ಟನಡುವೆ ನಿಲ್ಲಿಸಿಕೊಳ್ಳುವುದು ಹೇಗೆ?

ಭಾನುವಿನ ಮೈ ನಡುಗುತ್ತಿತ್ತು. ಬಾಯಿಂದ ನೊರೆ ಹಾರುತ್ತಿತ್ತು. ಮುಂಗಾಲೆತ್ತಿ ಒಮ್ಮೆ ನಿಂತೇಬಿಟ್ಟ. ದಾರಿಯಂಚಿಗೆ ಕಟ್ಟಿದ್ದ ಹಗ್ಗದ ಆಚೆ ನಿಂತಿದ್ದ ನಾಲ್ಕಾರು ಜನ ಹಿಂದೆ ಸರಿದರು. ಅವರ ನಡುವೆ ಚಿದಂಬರನೂ ಇದ್ದ. ಅವಳು ಅವನನ್ನು ನೋಡಿದಳು, ಅವನ ಮುಖ ಸುಣ್ಣದ ಹಾಗಾಗಿತ್ತು. ಕುದುರೆಗೆ ಕೆಲಸ ಬೇಕು ಎಂದಿದ್ದರು ಪೊನ್ನಪ್ಪ. ಅವಳು ಭಾನುವನ್ನು ಸಣ್ಣ ವೃತ್ತದಲ್ಲಿ ನಡೆಸತೊಡಗಿದಳು, ಜೊತೆಗೆ ಬಾಯಿಗೆ ಬಂದದ್ದನ್ನು ಹೇಳತೊಡಗಿದಳು. ಬಾಯಿಗೆ ಬಂದದ್ದು ಮಗ್ಗಿ.

"ಹದಿಮೂರೊಂದ್ಲ ಹದಿಮೂರು. ಹದಿಮೂರೆರಡ್ಲ ಇಪ್ಪತ್ತಾರು. ಹದಿಮೂರ್ಮೂರ್ಲ ಮೂವತ್ತೊಂಬತ್ತು."

ಒಂದು ಕಿವಿ ಹಿಂದಕ್ಕೆ ತಿರುಗಿತು. ಅವಳು ಕ್ಲಾಸಿನಲ್ಲಿ ಹೇಳಿಸುವ ಅದೇ ರಾಗದಲ್ಲಿ, ಹೆಜ್ಜೆಗೆ ಹೆಜ್ಜೆ ಸೇರಿಸಿ ಮುಂದುವರಿಸಿದಳು. ಎರಡನೆಯ ಕಿವಿಯೂ ತಿರುಗಿತು. ಕುಣಿತ ನಡಿಗೆಯಾಯಿತು. ಆದರೆ ಕೆರೆಯ ಕಡೆ ಯಾರೋ ಕೂಗಿದ್ದು ಕೇಳಿ ಅವಳ ಗಮನ ಅತ್ತ ಹೋಯಿತು, ಹದಿಮೂರೆಂಟ್ಲಕ್ಕೆ ಬಂದು ನಾಲಿಗೆ ನಿಂತುಹೋಯಿತು. ಇಪ್ಪತ್ತು ವರ್ಷ ಮಕ್ಕಳಿಂದ ಒಪ್ಪಿಸಿಕೊಂಡವಳಿಗೆ ಆ ಗಳಿಗೆಯಲ್ಲಿ ಅದು ನೆನಪಿಗೇ ಬರಲೊಲ್ಲದು. ಭಾನು ಮತ್ತೆ ಕತ್ತೆತ್ತಿದ.

"ನೂರಾ ನಾಲ್ಕು," ಎಂದಿತು ಹಗ್ಗದಾಚೆಯಿಂದ ಒಂದು ದನಿ.

ಚಿದಂಬರ ಹಗ್ಗವನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡಿದ್ದ. ಹದಿಮೂರೊಂಬತ್ಲ ನೂರಾ ಹದಿನೇಳು ಎಂದು ಅವನೇ ಮುಂದಿನದನ್ನೂ ಹೇಳಿದ. ಅವಳು ಸೇರಿಕೊಂಡಳು. ಹದಿನಾಲ್ಕರ ಮಗ್ಗಿ ಇಬ್ಬರೂ ಒಟ್ಟಿಗೆ ಹೇಳಿದರು. ಹದಿನೈದರದ್ದು ಸುಲಭವೆಂದು ಪಕ್ಕದಲ್ಲಿದ್ದ ಇಬ್ಬರು ಹೆಂಗಸರೂ ಸೇರಿಕೊಂಡರು. ಬಾವುಟದವರು ನಗು ತಡೆಯಲು ಮುಖ ತಿರುಗಿಸಿದರು. ಭಾನು ವೃತ್ತ ಸುತ್ತುತ್ತ, ಉಸಿರು ಇಳಿಸಿಕೊಳ್ಳುತ್ತ, ಇದೆಂಥ ವಿಚಿತ್ರ ಜನವೆಂಬಂತೆ ಒಬ್ಬೊಬ್ಬರನ್ನೇ ನೋಡಿದ.

ಬಾವುಟ ಇಳಿಯಿತು. ಮಿಲನ್ ನಡೆದುಕೊಂಡೇ ಹೋದ, ಏನೂ ಆಗಿಲ್ಲ ಎಂದರು. ಗೋಮತಿ ಕುದುರೆಯನ್ನು ದಾರಿಗೆ ತಿರುಗಿಸಿ ಮತ್ತೆ ಕೈ ಸಡಿಲಿಸಿದಳು.

ಬಿದಿರ ಮೆಳೆಯ ಆಚೆ ಕೆರೆ. ದಡದಿಂದ ನೀರಿಗೆ ಧುಮುಕಿ, ಆ ಕಡೆ ಹತ್ತಬೇಕು. ಭಾನು ನೀರಿನ ಅಂಚಿಗೆ ಬಂದವನೇ ಗಕ್ಕನೆ ನಿಂತ. ನೀರಿನಲ್ಲಿ ಇನ್ನೊಂದು ಕುದುರೆ ಇತ್ತು, ಅವನ ಹಾಗೆಯೇ ಇತ್ತು, ಅದರ ಬೆನ್ನ ಮೇಲೂ ಒಬ್ಬ ಹೆಂಗಸು. ಗೋಮತಿ ಅವನ ಕತ್ತಿನ ಮೇಲೆ ಮುಗ್ಗರಿಸಿದಳು, ಕತ್ತಿನ ಕೂದಲು ಹಿಡಿದು ಉಳಿದಳು. ನಿಂತದ್ದಕ್ಕೆ ದಂಡದ ಅಂಕ ಬಿತ್ತು, ಬೀಳಲಿ. ಸುತ್ತುಹಾಕಿಸಿ ಮತ್ತೆ ತಂದಳು. ಈ ಸಲ ಅವಳು ಬೈಯಲೂ ಇಲ್ಲ, ಒದೆಯಲೂ ಇಲ್ಲ. ನೀರನ್ನು ಬಿಟ್ಟು ಆಚೆ ದಡದ ಮೇಲಿನ ಆಕಾಶ ನೋಡಿದಳು, ಕಾಲು ಒತ್ತಿದಳು, "ನಡಿ ಮಗನೇ, ನಾನಿದ್ದೀನಿ" ಎಂದಳು.

ಅವನು ಹಾರಿದ ಪರಿಗೆ ಅರ್ಧ ಕೆರೆಯೇ ಮೇಲೆದ್ದಿತು. ಕಣ್ಣು, ಮೂಗು, ಬೂಟು ಎಲ್ಲ ನೀರು. ಕೆರೆಯ ನಡುವೆ ಭಾನುವಿಗೆ ನೀರೆಂದರೆ ಏನೆಂದು ತಿಳಿದುಹೋಯಿತು, ಸಿಡಿಯುವ ಹನಿಗಳನ್ನು ಕಚ್ಚಲು ನೋಡುತ್ತಲೇ ಓಡಿದ. ದಡ ಹತ್ತಿ ಹೊರಬಂದಾಗ ಗೋಮತಿ ಗಟ್ಟಿಯಾಗಿ ನಗುತ್ತಿದ್ದಳು. ಮುಂದೆ ಉದ್ದನೆಯ ಖಾಲಿ ಬಯಲು, ಕೊನೆಯಲ್ಲಿ ಒಂದೇ ಒಂದು ದಿಮ್ಮಿ. ಅವಳು ಮುಂದಕ್ಕೆ ಬಾಗಿದಳು. ಮಳೆಗಾಲದುದ್ದಕ್ಕೂ ಹಿಡಿದೇ ಇಟ್ಟಿದ್ದ ವೇಗವನ್ನೆಲ್ಲ ಅವನು ಅಲ್ಲಿ ತೆಗೆದುಕೊಟ್ಟ. ದಿಮ್ಮಿ ದಾಟಿದರು, ಗೆರೆ ದಾಟಿದರು, ಗೆರೆ ದಾಟಿದ ಮೇಲೂ ನಿಲ್ಲದೆ ಡೇರೆಗಳನ್ನೆಲ್ಲ ಒಂದು ಸುತ್ತು ಹಾಕಿ, ಊಟದ ಸಾಲನ್ನು ಚದುರಿಸಿ, ಪೊನ್ನಪ್ಪನವರ ಮುಂದೆ ಬಂದು ನಿಂತರು.

ಒಟ್ಟು ಅಂಕದಲ್ಲಿ ಅವರ ಹೆಸರು ಕೆಳಗಿನಿಂದ ಹುಡುಕಿದರೆ ಬೇಗ ಸಿಗುತ್ತಿತ್ತು. ಪೊನ್ನಪ್ಪ ಅದರ ಮಾತೇ ಎತ್ತಲಿಲ್ಲ. ಕುದುರೆಯ ಕಾಲುಗಳನ್ನು ಒಂದೊಂದಾಗಿ ಸವರಿ ನೋಡಿ, ಎಲ್ಲ ಸರಿಯಿದೆ ಎಂದು ತಲೆದೂಗಿ, ಇವನು ಮುಂದೆ ದೊಡ್ಡ ಕುದುರೆ ಆಗುತ್ತಾನೆ ಎಂದಷ್ಟೇ ಹೇಳಿದರು.

ಗೋಮತಿ ಕೆಳಗಿಳಿದಳು. ಓಡಿಬಂದ ಚಿದಂಬರ ಏನು ಹಿಡಿಯಬೇಕೆಂದು ತಿಳಿಯದೆ ಲಗಾಮನ್ನೇ ಹಿಡಿದುಕೊಂಡ, ಜೀವಮಾನದಲ್ಲಿ ಮೊದಲ ಸಲ. ಭಾನು ಹೊಸಬನನ್ನು ಮೂಸಿ, ಬಾಯಿಯ ನೊರೆಯನ್ನೆಲ್ಲ ಅವನ ಬಿಳಿ ಷರಟಿಗೆ ಒರೆಸಿದ. ಅದು ಅವನ ಗಮನಕ್ಕೂ ಬಂದಂತಿರಲಿಲ್ಲ.

"ಬಿದಿರಿನ ಆಚೆ ಏನಾಯ್ತು?" ಎಂದು ಕೇಳಿದ. "ಅಲ್ಲಿಂದ ಮುಂದೆ ನನಗೇನೂ ಕಾಣ್ಲಿಲ್ಲ. ಬರೀ ನೀರಿನ ಸದ್ದು ಕೇಳ್ತು."

ಕುದುರೆಯ ಬಿಸಿ ಆರಿಸಲು ಮೂವರೂ ಬಯಲಿನ ಅಂಚಿಗುಂಟ ನಡೆಯತೊಡಗಿದರು. ಗೋಮತಿ ಹೆಲ್ಮೆಟ್ಟು ತೆಗೆದು, ಒದ್ದೆ ಕೂದಲು ಹಿಂದಕ್ಕೆ ತಳ್ಳಿ, ಕೆರೆಯೊಳಗಿದ್ದ ಇನ್ನೊಂದು ಕುದುರೆಯಿಂದ ಶುರುಮಾಡಿದಳು. ಕೈಗಳೂ ಮಾತಾಡುತ್ತಿದ್ದವು. ಅವನು ನಡುನಡುವೆ ನಿಲ್ಲಿಸಿ, ಆಮೇಲೆ, ಆಮೇಲೆ ಎಂದು ಕೇಳುತ್ತಿದ್ದ. ಭಾನು ಇಬ್ಬರನ್ನೂ ಎಳೆದುಕೊಂಡು ಮುಂದೆ ಮುಂದೆ ಹೋಗುತ್ತಿದ್ದ.