ಐದನೆಯದೂ ಗಂಡು

ಡಾಕ್ಟರ್ ಆನಿ ಮಗುವನ್ನು ಒರೆಸಿ ಜಲಜಾಕ್ಷಿಯ ಪಕ್ಕದಲ್ಲಿ ಮಲಗಿಸುವಷ್ಟರಲ್ಲಿ ಬಾಣಂತಿಯ ತಾಯಿ ಒಳಗೆ ಬಂದಳು. ಬಟ್ಟೆ ಸರಿಸಿ ನೋಡಿದಳು. ನೋಡಿ ಮತ್ತೆ ಮುಚ್ಚಿದಳು.

“ಇದೂ ಗಂಡೇ,” ಎಂದಳು. ಮಗುವನ್ನು ಎತ್ತಿಕೊಳ್ಳಲಿಲ್ಲ.

ಜಲಜಾಕ್ಷಿ ಬಿಜೈಯ ದೊಡ್ಡ ಬಂಟ ಮನೆತನದ ಒಬ್ಬಳೇ ಮಗಳು. ಅಳಿಯಸಂತಾನದ ಮನೆ ಅದು. ಗದ್ದೆ, ಮನೆ, ಹೆಸರು ಎಲ್ಲವೂ ಹೆಣ್ಣಿನಿಂದ ಹೆಣ್ಣಿಗೆ ಇಳಿದು ಬರುವಂಥದ್ದು. ಗಂಡುಮಕ್ಕಳು ಬದುಕಿರುವವರೆಗೆ ಆ ಮನೆಯವರೇ. ಆದರೆ ಅವರಿಗೆ ಹುಟ್ಟಿದ ಮಕ್ಕಳು ತಮ್ಮ ತಾಯಿಯ ಮನೆಗೆ ಸೇರಿದವರು. ಜಲಜಾಕ್ಷಿಗೆ ಅಣ್ಣಂದಿರಿದ್ದರು, ಅಕ್ಕತಂಗಿಯರಿರಲಿಲ್ಲ. ಅವಳಿಗೆ ಹೆಣ್ಣು ಹುಟ್ಟದಿದ್ದರೆ ಮನೆತನ ಅಲ್ಲಿಗೇ ಮುಗಿಯುತ್ತಿತ್ತು. ಘಟ್ಟದ ಮೇಲೆ ಹೆಣ್ಣು ಹೆತ್ತವಳನ್ನು ಬೈಯುತ್ತಾರಂತೆ ಎಂದು ಕೇಳಿದಾಗ ಅವಳಿಗೆ ಮೊದಮೊದಲು ನಗು ಬರುತ್ತಿತ್ತು. ಮೂರನೆಯ ಮಗ ಹುಟ್ಟಿದ ಮೇಲೆ ಆ ನಗು ನಿಂತಿತು.

ಈ ಸಲ ಹೆರಿಗೆಯಲ್ಲಿ ರಕ್ತ ತುಂಬಾ ಹೋಗಿತ್ತು. ಆನಿ ಕೈ ತೊಳೆಯುತ್ತಾ ತಾಯಿಯ ಕಡೆ ತಿರುಗಿದಳು.

“ಎಂತ ಕುಡಿಸಿದ್ದು ನೀವು ಇವಳಿಗೆ?”

“ಹೆಣ್ಣಾಗುವ ಕಷಾಯ. ನಮ್ಮ ಅಣ್ಣ ತರಿಸಿ ಕೊಟ್ಟದ್ದು.”

“ಹೆಣ್ಣಾಗುವ ಕಷಾಯ!” ಆನಿ ಟವೆಲನ್ನು ಮೇಜಿನ ಮೇಲೆ ಎಸೆದಳು. “ಇವಳು ಇವತ್ತು ಸಾಯ್ತಿದ್ದಳು, ಗೊತ್ತುಂಟಾ ನಿಮಗೆ? ಹೋಗಿ ನಿಮ್ಮ ಅಣ್ಣನಿಗೆ ಹೇಳಿ.”

ತಾಯಿ ಹೊರಗೆ ಹೋದಳು. ಆಮೇಲೆ ಬಿಜೈಯಿಂದ ಮಗುವನ್ನು ನೋಡಲು ಯಾರೂ ಬರಲಿಲ್ಲ. ಗಂಡ ಸರ್ವೋತ್ತಮ ಮಾತ್ರ ಹಂಚಿನ ಕಾರ್ಖಾನೆಯ ಆಫೀಸು ಮುಗಿಸಿ ದಿನಾ ಸಂಜೆ ಬರುತ್ತಿದ್ದ. ಮಗುವನ್ನು ಎತ್ತಿಕೊಂಡು, ತಾನೇ ಏನೋ ಅಪರಾಧ ಮಾಡಿದವನಂತೆ ಕಿಟಕಿಯ ಬಳಿ ನಿಲ್ಲುತ್ತಿದ್ದ.

ಎದ್ದು ಕೂರುವಂತಾದ ಮೇಲೆ ಜಲಜಾಕ್ಷಿ ಆನಿಯನ್ನು ಕೇಳಿದಳು: “ಡಾಕ್ಟ್ರೇ, ನನ್ನ ಹೊಟ್ಟೆಯಲ್ಲಿ ಹೆಣ್ಣು ಯಾಕೆ ನಿಲ್ಲುವುದಿಲ್ಲ?”

ಮದ್ರಾಸಿನಲ್ಲಿ ಓದಿ ಬಂದು ಮಣ್ಣಗುಡ್ಡದಲ್ಲಿ ಈ ಸಣ್ಣ ಹೆರಿಗೆಮನೆ ತೆರೆದಿದ್ದ ಆನಿ, ಕುರ್ಚಿ ಎಳೆದುಕೊಂಡು ಕುಳಿತಳು.

“ಸರಿಯಾಗಿ ಕೇಳು. ನಮ್ಮ ಮೈಯ ಒಂದೊಂದು ಕಣದಲ್ಲೂ ನೂಲಿನ ಹಾಗೆ ಸಣ್ಣ ಸಣ್ಣ ಎಳೆಗಳು ಉಂಟು. ಕ್ರೋಮೋಸೋಮ್ ಅಂತ ಹೆಸರು. ಜೋಡಿ ಜೋಡಿಯಾಗಿ ಇರ್ತವೆ. ಮಗುವಾಗುವ ಕಣಗಳಲ್ಲಿ ಮಾತ್ರ ಜೋಡಿ ಬಿಡಿಸಿ ಅರ್ಧರ್ಧ. ಅರ್ಧ ನಿನ್ನದು, ಅರ್ಧ ನಿನ್ನ ಗಂಡನದ್ದು, ಕೂಡಿದರೆ ಪುನಃ ಜೋಡಿ. ಅದರಲ್ಲಿ ಒಂದು ಜೋಡಿ ಹೆಣ್ಣೋ ಗಂಡೋ ಅಂತ ನಿರ್ಧಾರ ಮಾಡುವುದು. ಹೆಂಗಸರಲ್ಲಿ ಆ ಜೋಡಿಯ ಎರಡೂ ಒಂದೇ ತರಹ. ಎಕ್ಸ್ ಮತ್ತು ಎಕ್ಸ್. ಗಂಡಸರಲ್ಲಿ ಒಂದು ಎಕ್ಸ್, ಇನ್ನೊಂದು ವೈ. ನಿನ್ನ ಅಂಡ ಯಾವುದೇ ಇರಲಿ, ಅದರಲ್ಲಿ ಎಕ್ಸ್ ಮಾತ್ರ. ಅವನ ಬೀಜದಲ್ಲಿ ಅರ್ಧಕ್ಕೆ ಎಕ್ಸ್, ಅರ್ಧಕ್ಕೆ ವೈ. ಎಕ್ಸ್ ಬಂದು ಸೇರಿದರೆ ಹೆಣ್ಣು. ವೈ ಬಂದು ಸೇರಿದರೆ ಗಂಡು.”

ಜಲಜಾಕ್ಷಿ ಬೆರಳು ಮಡಿಚಿ ಲೆಕ್ಕ ಹಾಕಿದಳು.

“ಹಾಗಾದರೆ ನಾನು ಕೊಡುವುದರಲ್ಲಿ ವೈ ಇಲ್ಲವೇ ಇಲ್ಲ?”

“ಇಲ್ಲವೇ ಇಲ್ಲ.”

“ಹಾಗಾದರೆ ಇವರದ್ದು ತಪ್ಪಾ?”

“ತಪ್ಪು ಅಂತ ಯಾರು ಹೇಳಿದ್ದು ಮಾರಾಯ್ತಿ? ಯಾವುದು ಮೊದಲು ಮುಟ್ಟುತ್ತದೆ ಅಂತ ಅವನಿಗೆ ಗೊತ್ತುಂಟಾ? ಪ್ರತಿ ಸಲವೂ ಹೊಸದಾಗಿ ಚಿಮ್ಮಿದ ನಾಣ್ಯ ಅದು. ಐದು ಸಲ ಒಂದೇ ಮುಖ ಬಿದ್ದಿದೆ. ಕಷಾಯ ಕುಡಿದರೆ ನಾಣ್ಯ ತಿರುಗುವುದಿಲ್ಲ.”

ಜಲಜಾಕ್ಷಿಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಕುಡಿದ ಕಷಾಯಗಳು, ಮಾಡಿದ ಉಪವಾಸಗಳು, ಅಡಿಗೆಮನೆಯಲ್ಲಿ ಕಿವಿಗೆ ಬೀಳುವ ಹಾಗೆ ಆಡಿದ ಮಾತುಗಳು ಒಂದೊಂದಾಗಿ ನೆನಪಿಗೆ ಬಂದು ಮೈಯೆಲ್ಲ ಉರಿಯತೊಡಗಿತು.

ಬಾಣಂತನ ಮುಗಿದ ಮೇಲೆ ಅವಳು ಗಂಡ, ಮಕ್ಕಳೊಂದಿಗೆ ಬಿಜೈಯ ಮನೆಗೆ ಹೋದಳು. ಚಾವಡಿಯಲ್ಲಿ ಸೋದರಮಾವ ನೋಣಯ್ಯ ಶೆಟ್ಟಿ ವೀಳ್ಯ ಜಗಿಯುತ್ತಾ ಕುಳಿತಿದ್ದ. ಮನೆಯ ಯಜಮಾನ ಅವನೇ. ಪಕ್ಕದಲ್ಲಿ ಮುಚ್ಚಿಟ್ಟ ಮಣ್ಣಿನ ಪಾತ್ರೆಯಿಂದ ಕಹಿ ವಾಸನೆ ಬರುತ್ತಿತ್ತು.

“ಬಂದದ್ದು ಒಳ್ಳೆಯದಾಯ್ತು. ಈ ಸಲ ಬೇರೆ ಪಂಡಿತರದ್ದು. ಇವತ್ತಿನಿಂದಲೇ ಶುರು ಮಾಡು,” ಎಂದ.

“ನನಗೆ ಬೇಡ.”

“ಬೇಡ ಅಂದರೆ ಎಂತ? ಈ ಮನೆಗೆ ದೀಪ ಹಚ್ಚುವವರು ಬೇಡವಾ?”

ಜಲಜಾಕ್ಷಿ ನಿಂತಲ್ಲೇ ಎಲ್ಲವನ್ನೂ ಹೇಳಿದಳು. ಎಕ್ಸ್, ವೈ, ಅರ್ಧ, ಜೋಡಿ. ಹೇಳುವಾಗ ಧ್ವನಿ ಏರಿತು. “ನಾನು ಐದು ಸಲವೂ ಹೆಣ್ಣಿಗೆ ಬೇಕಾದ್ದನ್ನೇ ಕೊಟ್ಟದ್ದು ಮಾವ. ನನ್ನ ಹತ್ತಿರ ಬೇರೆ ಇಲ್ಲವೇ ಇಲ್ಲ. ಇಷ್ಟು ವರ್ಷ ನೀವೆಲ್ಲ ನನ್ನ ಹೊಟ್ಟೆಯನ್ನು ಬೈದದ್ದು.”

ನೋಣಯ್ಯ ಶೆಟ್ಟಿ ಜಗಿಯುವುದನ್ನು ನಿಲ್ಲಿಸಿದ. ಬೈಯುತ್ತಾನೆ ಎಂದುಕೊಂಡರೆ ಅವನ ಮುಖ ಅರಳಿತು.

“ಡಾಕ್ಟ್ರಮ್ಮ ಹೀಗೆ ಹೇಳಿದ್ದಾ? ಹಾಗಾದರೆ ಸುಲಭ ಆಯ್ತಲ್ಲ. ಹೊಲ ಸರಿಯುಂಟು, ಬಿತ್ತನೆ ಸರಿ ಇಲ್ಲ.” ಅವನು ಸರ್ವೋತ್ತಮನ ಕಡೆಗೆ ನೋಡಲೂ ಇಲ್ಲ. “ನಮ್ಮಲ್ಲಿ ಸಂಬಂಧ ಬಿಡುವುದಕ್ಕೆ, ಇನ್ನೊಂದು ಮಾಡುವುದಕ್ಕೆ ತಡೆ ಇಲ್ಲ. ಕೂಳೂರಿನಲ್ಲಿ ನಮ್ಮವರೇ ಒಬ್ಬರಿದ್ದಾರೆ, ಹೆಂಡತಿ ತೀರಿಹೋಗಿದ್ದಾಳೆ. ಮೂರು ಮಕ್ಕಳು, ಮೂರೂ ಹೆಣ್ಣು.”

ಜಲಜಾಕ್ಷಿ ತಾಯಿಯತ್ತ ನೋಡಿದಳು. ತಾಯಿ ನೆಲ ನೋಡುತ್ತಿದ್ದಳು. ಸರ್ವೋತ್ತಮ ಮಡಿಲಲ್ಲಿದ್ದ ಕೂಸನ್ನು ಚಾಪೆಯ ಮೇಲೆ ಮಲಗಿಸಿ ಎದ್ದ.

“ನಾನು ಹೋಗ್ತೇನೆ,” ಎಂದ ಸಣ್ಣ ದನಿಯಲ್ಲಿ. “ಇವಳಿಗೆ ಹಾಗೆ ಒಳ್ಳೆಯದಾಗುವುದಾದರೆ…”

“ಕೂತುಕೊಳ್ಳಿ!” ಜಲಜಾಕ್ಷಿ ಕಿರುಚಿದಳು. “ಮಗುವನ್ನು ನೆಲಕ್ಕಿಟ್ಟು ಎಲ್ಲಿಗೆ ಹೋಗುವುದು? ನನ್ನನ್ನು ಬೈಯುವಾಗಲೂ ನೀವು ಹೀಗೇ ಬಾಯಿ ಮುಚ್ಚಿ ನಿಂತದ್ದು. ಈಗ ನಿಮ್ಮನ್ನು ಬೈಯುವಾಗಲೂ ಹೀಗೇ!”

ಅವಳು ಮಾವನ ಕಡೆ ತಿರುಗಿದಳು. “ಇವರದ್ದೂ ತಪ್ಪಲ್ಲ ಅಂತ ಡಾಕ್ಟ್ರು ಹೇಳಿದ್ದಾರೆ. ಅದನ್ನು ನೀವು ಕೇಳಿಸಿಕೊಳ್ಳುವುದಿಲ್ಲ. ನಿಮಗೆ ಬೈಯುವುದಕ್ಕೆ ಒಬ್ಬರು ಬೇಕು, ಅಷ್ಟೆ. ನಾನೇನು ಕೊಟ್ಟಿಗೆಯ ದನವಾ ಮಾವ, ಹೋರಿ ಬದಲಿಸಿ ನೋಡುವುದಕ್ಕೆ?”

“ನಾಲಗೆ ಉದ್ದ ಆಯ್ತು!” ಶೆಟ್ಟಿ ಎದ್ದು ನಿಂತ. “ಮನೆತನ ಅಳಿದುಹೋಗುವಾಗ—”

“ಅಳಿದುಹೋಗುವುದಾದರೆ ಹೋಗಲಿ! ಈ ಐದು ಜೀವ ನಿಮ್ಮ ಮನೆಯದ್ದಲ್ಲವಾ? ಒಬ್ಬನ ತಲೆ ಸವರಿದ್ದುಂಟಾ ನೀವು?”

ಅವಳು ಮಣ್ಣಿನ ಪಾತ್ರೆಯನ್ನೆತ್ತಿ ಅಂಗಳಕ್ಕೆ ಎಸೆದಳು. ಅದು ತುಳಸಿಕಟ್ಟೆಯ ಈಚೆ ಬಿದ್ದು ಒಡೆಯಿತು. ಕೂಸನ್ನು ಎತ್ತಿಕೊಂಡು ಮಕ್ಕಳನ್ನು ಕರೆದುಕೊಂಡು ಹೊರಟಳು. ಸರ್ವೋತ್ತಮ ಹಿಂದಿನಿಂದ ಓಡಿಬಂದು, ಅಷ್ಟು ದೂರ ನಡೆಯಲಾರದ ನಾಲ್ಕನೆಯವನನ್ನು ಹೆಗಲಿಗೇರಿಸಿಕೊಂಡ. ದಾರಿಯುದ್ದಕ್ಕೂ ಅವಳು ಅವನಿಗಿಂತ ಮುಂದೆಯೇ ನಡೆದಳು. ಮಣ್ಣಗುಡ್ಡದ ಬಾಡಿಗೆ ಮನೆ ಮುಟ್ಟಿದ ಮೇಲೆ ಅವನು, “ಇನ್ನು ಸುಮ್ಮನೆ ನಿಲ್ಲುವುದಿಲ್ಲ,” ಎಂದ. ಅವಳು ಒಲೆ ಹಚ್ಚಿದಳು.

ಎರಡು ಮೂರು ವರ್ಷ ಕಳೆದು, ಮಹಾಯುದ್ಧ ಶುರುವಾಗಿ, ಸೀಮೆಎಣ್ಣೆ ಸಿಗುವುದು ಕಷ್ಟವಾದ ಕಾಲದಲ್ಲಿ ಜಲಜಾಕ್ಷಿ ಮತ್ತೊಮ್ಮೆ ಹೆತ್ತಳು. ಕಷಾಯವಿಲ್ಲ, ಹರಕೆಯಿಲ್ಲ. ಆನಿಯ ಹೆರಿಗೆಮನೆಯಲ್ಲಿ ಹುಟ್ಟಿದ್ದು ಹೆಣ್ಣು. ಆಶಾಲತಾ ಎಂದು ಸರ್ವೋತ್ತಮನೇ ಹೆಸರು ಆರಿಸಿದ.

ಬಾಣಂತಿ ಮನೆಗೆ ಬಂದ ಮರುದಿನವೇ ಮಣ್ಣಗುಡ್ಡದ ಬಾಡಿಗೆ ಮನೆಯ ಮುಂದೆ ಎತ್ತಿನ ಗಾಡಿ ನಿಂತಿತು. ಅಡಿಕೆ ಹೂವಿನ ಹಿಂಗಾರ, ರೇಷ್ಮೆ ಸೀರೆ, ಕೂಸಿನ ಸೊಂಟಕ್ಕೆ ಚಿನ್ನದ ಉಡಿದಾರ. ನೋಣಯ್ಯ ಶೆಟ್ಟಿ ಕಣ್ಣು ತುಂಬಿಕೊಂಡು ಒಳಗೆ ಬಂದ, ಹಿಂದೆ ಜಲಜಾಕ್ಷಿಯ ತಾಯಿ.

“ನಾನು ಹೇಳಿಕೊಂಡ ಹರಕೆ ಫಲಿಸಿತು,” ಎಂದು ತೊಟ್ಟಿಲಿಗೆ ಕೈಯೊಡ್ಡಿದ.

ಸರ್ವೋತ್ತಮ ತೊಟ್ಟಿಲಿಗೆ ಅಡ್ಡ ಬಂದು ನಿಂತ. “ಹರಕೆ ಅಲ್ಲ,” ಎಂದ. “ಮೊದಲು ಆ ಐವರ ಹೆಸರು ಹೇಳಿ.”

ಶೆಟ್ಟಿ ಬಾಗಿಲ ಬಳಿ ಸಾಲಾಗಿ ನಿಂತಿದ್ದ ಹುಡುಗರನ್ನು ನೋಡಿದ. ದೊಡ್ಡವನ ಹೆಸರು ಹೇಳಿದ. ಎರಡನೆಯವನಿಗೆ ಮೂರನೆಯವನ ಹೆಸರು ಹೇಳಿದ. ಆಮೇಲೆ ಕೆಮ್ಮಿದ.

ಜಲಜಾಕ್ಷಿ ಹಾಸಿಗೆಯಿಂದಲೇ ಹೇಳಿದಳು: “ಸೀರೆ, ಉಡಿದಾರ ತೆಗೆದುಕೊಂಡು ಹೋಗಿ ಮಾವ. ನನ್ನ ಮಗಳು ನಿಮ್ಮ ದೀಪ ಹಚ್ಚುವುದಕ್ಕೆ ಹುಟ್ಟಿದ್ದಲ್ಲ.”

ಗಾಡಿ ಹೊರಟಿತು. ಅವಳ ತಾಯಿ ಮಾತ್ರ ಗಾಡಿ ಹತ್ತಲಿಲ್ಲ. ಜಗಲಿಯಲ್ಲಿ ಕುಳಿತು, ತಾನು ಒಮ್ಮೆಯೂ ಎತ್ತಿಕೊಳ್ಳದ ಐದನೆಯವನನ್ನು ಹತ್ತಿರ ಕರೆದಳು. ಅವನು ಹೋಗಲಿಲ್ಲ. ಸರ್ವೋತ್ತಮನ ಪಂಚೆಯ ಹಿಂದೆ ಅಡಗಿಕೊಂಡ.

“ಊಟ ಮಾಡಿ ಹೋಗಿ,” ಎಂದಳು ಜಲಜಾಕ್ಷಿ ಒಳಗಿನಿಂದಲೇ, ತಾಯಿಯ ಕಡೆ ತಿರುಗದೆ.